ಜ್ವರ ಟೈರಿಗೆ, ಬರೆ ಹಿಂದಿನ ಚಕ್ರಕ್ಕೆ

ಹಿಮ ಬೀಳುವ ಸೀಮೆಗೆ ಹೊಸದಾಗಿ ಹೋಗಿ ನೆಲೆಸಿದವರಿಗೆ ಕಾರು ಕೊಳ್ಳುವ ಹೊತ್ತಿಗೆ ಸಿಗುವ ಮೊದಲ ಬುದ್ಧಿಮಾತು ‘ರಿಯರ್ ವೀಲ್ ಡ್ರೈವ್ ಮಾತ್ರ ಬೇಡ’ ಎಂಬುದು. ಡೆಟ್ರಾಯಿಟ್, ಮಿನಿಯಾಪೊಲಿಸ್, ಟೊರಾಂಟೊಗಳಲ್ಲಿ ಸಂಸಾರ ಹೂಡಿರುವ ಕನ್ನಡಿಗರ ನಡುವೆಯೂ ಈ ಮಾತು ಬಾಯಿಂದ ಬಾಯಿಗೆ ಸಾಗಿ ಈಗ ಪ್ರಶ್ನಿಸಲಾಗದ ಸತ್ಯದಂತೆ ಕೂತುಬಿಟ್ಟಿದೆ. ಎಂಜಿನ್ನಿನ ಬಲ ಹಿಂದಿನ ಎರಡು ಚಕ್ರಗಳಿಗೆ ಹೋಗುವ ಕಾರು ಹಿಮದಲ್ಲಿ ನಿಂತಲ್ಲೇ ಚಕ್ರ ತಿರುಗಿಸುತ್ತದೆ, ತಿರುವಿನಲ್ಲಿ ಹಿಂಬದಿ ಬೀಸುತ್ತದೆ, ಆದ್ದರಿಂದ ನಾಲ್ಕೂ ಚಕ್ರಕ್ಕೆ ಬಲ ಹೋಗುವ ಕಾರು ಕೊಂಡರೆ ಚಳಿಗಾಲದ ಚಿಂತೆ ಮುಗಿಯಿತು ಎಂಬುದು ಇದರ ಸಾರ. ಈ ನಂಬಿಕೆ ತಪ್ಪು ಎನ್ನುವುದಷ್ಟೇ ನನ್ನ ವಾದವಲ್ಲ. ಅದು ಅಪಾಯಕಾರಿ ಎನ್ನುವುದು ನನ್ನ ವಾದ. ರೋಗ ಇರುವುದು ಒಂದು ಕಡೆ, ಮದ್ದು ಹಚ್ಚುತ್ತಿರುವುದು ಇನ್ನೊಂದು ಕಡೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವ ಈ ಚಿಕಿತ್ಸೆಯಿಂದ ಎಮ್ಮೆಗೆ ನೋವಾಗುತ್ತದೆ, ಎತ್ತಿನ ಜ್ವರ ಹಾಗೇ ಉಳಿಯುತ್ತದೆ.

ಹಿಮವನ್ನು ಕಾಣದ ನಮ್ಮ ನಾಡಿನಲ್ಲೇ ಈ ವಿಷಯಕ್ಕೆ ಒಳ್ಳೆಯ ಪಾಠವಿದೆ. ನಾಟಿಗೆ ಮುಂಚೆ ನೀರು ನಿಲ್ಲಿಸಿದ ಭತ್ತದ ಗದ್ದೆಗಿಂತ ಜಾರುವ ನೆಲ ಯಾವುದಿದೆ? ಅದರಲ್ಲಿ ಇಳಿದು ಕೆಸರು ಮಾಡುವ ನಮ್ಮ ಟ್ರ್ಯಾಕ್ಟರುಗಳಲ್ಲಿ ಹೆಚ್ಚಿನವು ಹಿಂದಿನ ಚಕ್ರದ ಬಲದಿಂದಲೇ ಓಡುವಂಥವು. ‘ಬಲ ಹಿಂದಿನ ಚಕ್ರಕ್ಕೆ ಹೋಗುತ್ತದೆ, ಹಾಗಾಗಿ ಟ್ರ್ಯಾಕ್ಟರು ಗದ್ದೆಗೆ ಆಗದು’ ಎಂದು ಯಾವ ರೈತನೂ ಹೇಳುವುದಿಲ್ಲ. ಅವನು ಚಕ್ರವನ್ನೇ ನೋಡುತ್ತಾನೆ. ಹಿಂದಿನ ಟೈರಿನ ಗಟ್ಟಿ ಏಣುಗಳು ಸವೆದಿವೆಯೇ ಎಂದು ನೋಡುತ್ತಾನೆ, ಕೆಸರಿಗೆ ಕಬ್ಬಿಣದ ಕೇಜ್ ವೀಲ್ ಹಾಕುತ್ತಾನೆ, ಹಿಡಿತ ಸಾಲದಿದ್ದರೆ ಹಿಂದಿನ ಟೈರಿನೊಳಗೆ ನೀರು ತುಂಬಿಸಿ ತೂಕ ಹೆಚ್ಚಿಸುತ್ತಾನೆ. ನೆಲಕ್ಕೂ ಯಂತ್ರಕ್ಕೂ ಇರುವ ಸಂಬಂಧ ಆ ಚಕ್ರದ ಹೊರಮೈಯಲ್ಲಿದೆ ಎಂಬುದು ಅವನಿಗೆ ಗೊತ್ತು. ಮುಂಗಾರಿನಲ್ಲಿ ಶಿರಾಡಿ, ಚಾರ್ಮಾಡಿ ಘಾಟಿಗಳನ್ನು ಹತ್ತಿಳಿಯುವ ಕೆಂಪು ಬಸ್ಸುಗಳಿಗೂ ಬಲ ಬರುವುದು ಹಿಂದಿನಿಂದಲೇ. ಗದ್ದೆಯಲ್ಲಿ ಎಲ್ಲರಿಗೂ ತಿಳಿದಿರುವ ಈ ಸಂಗತಿಯನ್ನು ಹಿಮದ ಮೇಲೆ ಮರೆಯುವುದೇಕೆ?

ರಸ್ತೆಯ ಮೇಲೆ ಕಾರು ಮಾಡಬೇಕಾದ ಕೆಲಸ ಮೂರು: ಹೊರಡುವುದು, ತಿರುಗುವುದು, ನಿಲ್ಲುವುದು. ಈ ಮೂರನ್ನೂ ಮಾಡಿಸುವುದು ಟೈರು ನೆಲಕ್ಕೆ ತಾಗುವ ಜಾಗ. ಅದು ಒಂದೊಂದು ಟೈರಿನಲ್ಲಿ ಹೆಚ್ಚುಕಡಿಮೆ ಒಂದು ಅಂಗೈಯಷ್ಟು. ಒಂದೂವರೆ ಟನ್ನಿನ ಕಾರು, ಒಳಗೆ ಕುಳಿತ ಮಕ್ಕಳು ಮರಿ, ಎಲ್ಲರ ಭಾರವೂ ಭದ್ರತೆಯೂ ಈ ನಾಲ್ಕು ಅಂಗೈಗಳ ಮೇಲೆ. ಎಂಜಿನ್ನಿನ ಬಲ ಯಾವ ಚಕ್ರಕ್ಕೆ ಹೋಗುತ್ತದೆ ಎಂಬ ಪ್ರಶ್ನೆ ಈ ಮೂರರಲ್ಲಿ ಮುಖ್ಯವಾಗಿ ಒಂದಕ್ಕೆ, ಹೊರಡುವುದಕ್ಕೆ, ಸಂಬಂಧಪಟ್ಟದ್ದು. ನಿಲ್ಲುವ ವಿಷಯಕ್ಕೆ ಬಂದರೆ ಎಲ್ಲ ಕಾರುಗಳೂ ಸಮಾನ. ಬ್ರೇಕು ಎಲ್ಲದರಲ್ಲೂ ನಾಲ್ಕು ಚಕ್ರಕ್ಕೂ ಇದೆ. ತಿರುವಿನಲ್ಲಿ ಕಾರನ್ನು ರಸ್ತೆಯ ಮೇಲೆ ಹಿಡಿದಿಡುವುದೂ ನಾಲ್ಕು ಟೈರುಗಳ ಅಡ್ಡ ಹಿಡಿತವೇ. ಐವತ್ತು ಮೀಟರ್ ತ್ರಿಜ್ಯದ ಒಂದು ತಿರುವು, ಗಟ್ಟಿಯಾಗಿ ತುಳಿದ ಹಿಮ, ಘರ್ಷಣಾಂಕ 0.25 ಎಂದಿಟ್ಟುಕೊಂಡರೆ ಗಂಟೆಗೆ ಸುಮಾರು 40 ಕಿಲೋಮೀಟರ್ ದಾಟಿದ ಯಾವ ಕಾರೂ ಆ ತಿರುವಿನಲ್ಲಿ ನಿಲ್ಲದು. ಬಲ ಎರಡು ಚಕ್ರಕ್ಕೆ ಹೋಗಲಿ, ನಾಲ್ಕಕ್ಕೆ ಹೋಗಲಿ, ಆ ಮಿತಿ ಕದಲುವುದಿಲ್ಲ.

ನಿಲ್ಲುವ ಲೆಕ್ಕವಂತೂ ಇನ್ನೂ ಕಠಿಣ. ಒಣಗಿದ ಡಾಂಬರಿನ ಮೇಲೆ ಒಳ್ಳೆಯ ಟೈರಿನ ಘರ್ಷಣಾಂಕ 0.8ರ ಆಸುಪಾಸು; ತುಳಿದ ಹಿಮದ ಮೇಲೆ 0.2ರಿಂದ 0.3, ನುಣುಪಾದ ಮಂಜುಗಡ್ಡೆಯ ಮೇಲೆ 0.1 ಅಥವಾ ಅದಕ್ಕಿಂತ ಕಡಿಮೆ. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಬರುವ ಕಾರು ಬ್ರೇಕು ಒತ್ತಿದ ಮೇಲೆ ಒಣರಸ್ತೆಯಲ್ಲಿ ಸುಮಾರು 12 ಮೀಟರಿನಲ್ಲಿ ನಿಂತರೆ, 0.25ರ ಹಿಮದ ಮೇಲೆ 39 ಮೀಟರ್ ಸಾಗುತ್ತದೆ, ಮಂಜುಗಡ್ಡೆಯ ಮೇಲೆ ನೂರು ಮೀಟರಿನ ಹತ್ತಿರಕ್ಕೆ ಹೋಗುತ್ತದೆ. ಚಾಲಕನ ಕಾಲು ಬ್ರೇಕಿಗೆ ಹೋಗಲು ಹಿಡಿಯುವ ಸಮಯ ಈ ಲೆಕ್ಕದಲ್ಲಿ ಸೇರಿಲ್ಲ. ಈ ಸೂತ್ರದಲ್ಲಿ ವೇಗವಿದೆ, ಘರ್ಷಣೆಯಿದೆ, ಭೂಮಿಯ ಸೆಳೆತವಿದೆ. ಎಂಜಿನ್ನಿನ ಬಲ ಎಲ್ಲಿಗೆ ಹೋಗುತ್ತದೆ ಎಂಬುದಕ್ಕೆ ಅಲ್ಲಿ ಜಾಗವೇ ಇಲ್ಲ. ಸಿಗ್ನಲ್ಲಿನಲ್ಲಿ ಹಸಿರು ಬಂದಾಗ ಎರಡು ಕ್ಷಣ ತಡವಾಗಿ ಹೊರಟರೆ ಯಾರಿಗೂ ಗಾಯವಾಗುವುದಿಲ್ಲ. ಕೆಂಪು ಬಂದಾಗ ಇಪ್ಪತ್ತು ಮೀಟರ್ ತಡವಾಗಿ ನಿಂತರೆ ಯಾರದೋ ಮನೆ ಮುಳುಗುತ್ತದೆ. ಜನ ಮೊದಲನೆಯದಕ್ಕೆ ಹೆದರಿ ದುಡ್ಡು ಸುರಿಯುತ್ತಾರೆ, ಎರಡನೆಯದರ ಬಗ್ಗೆ ಕೇಳುವುದೇ ಇಲ್ಲ.

ಆ ಘರ್ಷಣಾಂಕವನ್ನು ಬದಲಿಸುವ ಶಕ್ತಿ ಕೊಳ್ಳುವವನ ಕೈಯಲ್ಲಿದೆ, ಅದು ಟೈರಿನ ಆಯ್ಕೆಯಲ್ಲಿದೆ. ಬೇಸಿಗೆಯ ಟೈರಿನ ರಬ್ಬರು ಉಷ್ಣತೆ ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದಂತೆ ಬಿರುಸಾಗುತ್ತದೆ; ಸೊನ್ನೆಯಿಂದ ಹತ್ತು ಡಿಗ್ರಿ ಕೆಳಗೆ ಅದು ನೆಲದ ಏರುತಗ್ಗಿಗೆ ಒಗ್ಗುವುದನ್ನೇ ಬಿಡುತ್ತದೆ. ಚಳಿಗಾಲದ ಟೈರಿನಲ್ಲಿ ಚಳಿಯಲ್ಲೂ ಮೆದುವಾಗಿ ಉಳಿಯುವ ರಬ್ಬರಿನ ಮಿಶ್ರಣವಿರುತ್ತದೆ. ಅದನ್ನು ಹತ್ತಿರದಿಂದ ನೋಡಿದರೆ ಒಂದೊಂದು ರಬ್ಬರಿನ ಗಟ್ಟಿಯ ಮೇಲೂ ಬ್ಲೇಡಿನಲ್ಲಿ ಸೀಳಿದಂಥ ಅಂಕುಡೊಂಕಾದ ಸಣ್ಣ ಗೀರುಗಳು ಕಾಣುತ್ತವೆ. ಬೆರಳಿನಿಂದ ಒತ್ತಿದರೆ ಗೀರು ಬಾಯಿ ತೆರೆಯುತ್ತದೆ. ರಸ್ತೆಯ ಮೇಲೂ ಆಗುವುದು ಅದೇ: ಭಾರ ಬಿದ್ದಾಗ ಗೀರುಗಳು ತೆರೆದುಕೊಂಡು ಅವುಗಳ ನೂರಾರು ಅಂಚುಗಳು ಹಿಮವನ್ನು ಕಚ್ಚುತ್ತವೆ, ಟೈರಿನ ತೋಡುಗಳಲ್ಲಿ ಹಿಮ ತುಂಬಿ ಒತ್ತಾಗಿ ಕೂರುತ್ತದೆ. ಹಿಮಕ್ಕೆ ಹಿಮ ಅಂಟುತ್ತದೆ, ಮಕ್ಕಳು ಹಿಮದುಂಡೆ ಕಟ್ಟುವಾಗ ಆಗುವ ಹಾಗೆ. ಟೈರಿನೊಳಗಿನ ಹಿಮ ರಸ್ತೆಯ ಹಿಮವನ್ನು ಹಿಡಿದುಕೊಳ್ಳುತ್ತದೆ. ಈ ಕೆಲಸಕ್ಕೆ ತಕ್ಕ ಟೈರಿನ ಮಗ್ಗುಲಲ್ಲಿ ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮದ ಹರಳು ಇರುವ ಚಿಹ್ನೆ ಇರುತ್ತದೆ. ಹಿಮದ ಮೇಲೆ ಪರೀಕ್ಷೆ ಗೆದ್ದ ಟೈರಿಗಷ್ಟೇ ಅದು ಸಿಗುತ್ತದೆ. ಬರೀ ‘ಎಂ ಪ್ಲಸ್ ಎಸ್’ ಎಂದು ಬರೆದಿದ್ದರೆ ಅದು ಟೈರಿನ ತೋಡುಗಳ ವಿನ್ಯಾಸವನ್ನು ಹೇಳುವ ಗುರುತು. ಹಿಮದಲ್ಲಿ ಪರೀಕ್ಷಿಸಿದ ಸಾಕ್ಷಿ ಅಲ್ಲ. ಹಿಮ ಬೀಳುವ ಊರುಗಳಲ್ಲೂ ಎಷ್ಟೋ ಕಾರುಗಳು ವರ್ಷವಿಡೀ ಓಡುವುದು ಈ ಎರಡನೆಯ ಬಗೆಯ ‘ಆಲ್ ಸೀಸನ್’ ಟೈರುಗಳ ಮೇಲೆ, ನಾಲ್ಕು ಚಕ್ರಕ್ಕೂ ಬಲ ಹೋಗುವ ದುಬಾರಿ ಕಾರುಗಳೂ ಸೇರಿದಂತೆ.

ಹಿಮದ ಜೊತೆ ತಲೆಮಾರುಗಳಿಂದ ಬಾಳಿದ ಸರ್ಕಾರಗಳು ಕಾನೂನು ಮಾಡುವಾಗ ಯಾವುದನ್ನು ಕೇಳಿದವು ಎಂಬುದನ್ನು ನೋಡಿದರೆ ವಿಷಯ ಇನ್ನೂ ತಿಳಿಯಾಗುತ್ತದೆ. ಸ್ವೀಡನ್ 1999ರಿಂದ ಡಿಸೆಂಬರ್ 1ರಿಂದ ಮಾರ್ಚ್ 31ರವರೆಗೆ, ರಸ್ತೆಯಲ್ಲಿ ಚಳಿಗಾಲದ ಸ್ಥಿತಿ ಇದ್ದಾಗ, ಚಳಿಗಾಲದ ಟೈರು ಕಡ್ಡಾಯ ಮಾಡಿದೆ. ಕೆನಡಾದ ಕ್ವಿಬೆಕ್ ಪ್ರಾಂತ 2008ರಲ್ಲಿ ಇಂಥ ಕಾನೂನು ತಂದಿತು. ಈಗ ಅಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಕಾರುಗಳಿಗೆ ಈ ಟೈರು ಇರಲೇಬೇಕು. ಜರ್ಮನಿ 2024ರ ಅಕ್ಟೋಬರಿನಿಂದ ‘ಎಂ ಪ್ಲಸ್ ಎಸ್’ ಗುರುತನ್ನು ಸಾಲದೆಂದು ತಳ್ಳಿ ಬೆಟ್ಟ-ಹರಳಿನ ಚಿಹ್ನೆಯನ್ನೇ ಕೇಳುತ್ತಿದೆ. ಆಸ್ಟ್ರಿಯಾದಲ್ಲಿ ಚಳಿಗಾಲದ ಟೈರಿನ ತೋಡಿನ ಆಳ ಸವೆದು ನಾಲ್ಕು ಮಿಲಿಮೀಟರಿಗಿಂತ ಕಡಿಮೆಯಾಗಿದ್ದರೆ ಅದು ಚಳಿಗಾಲದ ಟೈರೆಂದು ಎಣಿಕೆಗೇ ಬರುವುದಿಲ್ಲ. ನಿಮ್ಮ ಕಾರಿನ ಬಲ ಮುಂದಕ್ಕೋ ಹಿಂದಕ್ಕೋ ನಾಲ್ಕಕ್ಕೋ ಎಂದು ಸ್ವೀಡನ್ನಿನ ಕಾನೂನಾಗಲಿ ಕ್ವಿಬೆಕ್ಕಿನ ಕಾನೂನಾಗಲಿ ಕೇಳುವುದಿಲ್ಲ. ನಾಲ್ಕು ಚಕ್ರದ ಬಲವಿದೆ ಎಂದು ಟೈರಿನಲ್ಲಿ ರಿಯಾಯಿತಿಯನ್ನೂ ಕೊಡುವುದಿಲ್ಲ.

ಹಾಗಾದರೆ ಈ ಅಪಕೀರ್ತಿ ಹುಟ್ಟಿದ್ದಾದರೂ ಹೇಗೆ? ಬೆಂಕಿಯಿಲ್ಲದೆ ಹೊಗೆ ಎದ್ದಿಲ್ಲ, ಒಪ್ಪೋಣ. 1960-70ರ ದಶಕಗಳ ಅಮೆರಿಕದ ದೊಡ್ಡ ಕಾರುಗಳಲ್ಲಿ ಭಾರವಾದ ಎಂಟು ಸಿಲಿಂಡರಿನ ಎಂಜಿನ್ ಮುಂದೆ, ಹಗುರಾದ ಹಿಂಬದಿ, ಅಲ್ಲಿಗೆ ಒಮ್ಮೆಲೇ ನುಗ್ಗುವ ಬಲ, ಹಳೆಯ ಬಗೆಯ ಟೈರು, ಜಾರಿದರೆ ತಡೆಯಲು ಯಾವ ಎಲೆಕ್ಟ್ರಾನಿಕ್ ಏರ್ಪಾಡೂ ಇಲ್ಲ. ಖಾಲಿ ಪಿಕಪ್ ಗಾಡಿಯ ಪಾಡು ಇನ್ನೂ ಕಷ್ಟದ್ದು. 1973 ಮತ್ತು 1979ರ ತೈಲ ಬಿಕ್ಕಟ್ಟುಗಳ ನಂತರ ಕಂಪನಿಗಳು ಸಣ್ಣ, ಹಗುರ ಕಾರುಗಳಿಗಾಗಿ ಮುಂದಿನ ಚಕ್ರದ ಚಾಲನೆಗೆ ಹೊರಳಿದವು. ಜಾಗ ಉಳಿಯುತ್ತದೆ, ಖರ್ಚು ಇಳಿಯುತ್ತದೆ ಎಂಬುದು ಅದಕ್ಕೆ ದೊಡ್ಡ ಕಾರಣ. ಎಂಜಿನ್ನಿನ ಭಾರ ಬಲ ಹೋಗುವ ಚಕ್ರದ ಮೇಲೇ ಬೀಳುವುದರಿಂದ ಹಿಮದಲ್ಲಿ ಹೊರಡಲು ಸುಲಭವೆಂಬುದು ಜೊತೆಗೆ ಸಿಕ್ಕ ಅನುಕೂಲ. 1980ರಲ್ಲಿ ಔಡಿ ಕ್ವಾಟ್ರೊ ಜಿನೀವಾದ ಕಾರು ಮೇಳದಲ್ಲಿ ಕಾಣಿಸಿಕೊಂಡ ಮೇಲೆ ನಾಲ್ಕು ಚಕ್ರದ ಚಾಲನೆಗೂ ಕಾರುಗಳ ಲೋಕದಲ್ಲಿ ಹೊಸ ಮೆರುಗು ಬಂತು. ಈ ಬದಲಾವಣೆ ಆದ ಕಾಲದಲ್ಲೇ ಟೈರು, ಬ್ರೇಕು, ರಸ್ತೆಯ ಹಿಮ ತೆಗೆಯುವ ವ್ಯವಸ್ಥೆ ಎಲ್ಲವೂ ಸುಧಾರಿಸಿದವು. ಜನ ಆ ಸುಧಾರಣೆಯ ಪುಣ್ಯವನ್ನೆಲ್ಲ ಚಾಲನೆಯ ಚಕ್ರದ ಖಾತೆಗೆ ಬರೆದರು, ಹಳೆಯ ಕಷ್ಟವನ್ನೆಲ್ಲ ಹಿಂದಿನ ಚಕ್ರದ ಖಾತೆಗೆ.

ಆದರೆ ಅದೇ ಕಾಲದಲ್ಲಿ ಹಿಮದ ನಾಡುಗಳ ನಿತ್ಯದ ಬದುಕನ್ನು ಎಳೆದದ್ದು ಯಾವ ಚಕ್ರ? ಸ್ವೀಡನ್ನಿನ ವೋಲ್ವೊ 240 ಕಾರು 1974ರಿಂದ 1993ರವರೆಗೆ ತಯಾರಾಯಿತು, ಸುಮಾರು 28 ಲಕ್ಷ ಕಾರುಗಳು ಹೊರಬಂದವು. ಅದು ಹಿಂದಿನ ಚಕ್ರದ್ದು. ಸೋವಿಯತ್ ಒಕ್ಕೂಟದಲ್ಲಿ 1970ರಲ್ಲಿ ಟೊಲ್ಯಾಟಿಯ ಕಾರ್ಖಾನೆಯಿಂದ ಹೊರಟ ಲಾಡಾ ಕಾರು, ಫಿಯೆಟ್ 124ರ ಮೇಲೆ ರೂಪಿಸಿದ್ದು. ನಮ್ಮಲ್ಲಿ ಪ್ರೀಮಿಯರ್ 118 ಎನ್‌ಇ ಎಂದು ಓಡಿದ ಕಾರೂ ಆ ಫಿಯೆಟ್ಟಿನ ಕುಲದ್ದೇ. ಆ ಹಿಂದಿನ ಚಕ್ರದ ಲಾಡಾ ಮಾದರಿಗಳು 2012ರವರೆಗೂ ತಯಾರಾಗಿ ರಷ್ಯಾದ ಚಳಿಗಾಲಗಳನ್ನು ದಾಟಿದವು. ಅಮೆರಿಕ, ಕೆನಡಾಗಳ ಪೊಲೀಸರು ವರ್ಷಗಟ್ಟಲೆ ಓಡಿಸಿದ ಫೋರ್ಡ್ ಕ್ರೌನ್ ವಿಕ್ಟೋರಿಯಾ 2011ರಲ್ಲಿ ನಿಲ್ಲುವವರೆಗೂ ಹಿಂದಿನ ಚಕ್ರದ್ದಾಗಿತ್ತು. ಹಿಮಗಾಳಿಯ ರಾತ್ರಿ ಬೇರೆಯವರ ನೆರವಿಗೆ ಹೊರಡಬೇಕಾದ ಗಾಡಿ ಅದು. ಇಂದಿಗೂ ಮಿನ್ನೆಸೋಟದ ಚಳಿಯಲ್ಲಿ ಮಕ್ಕಳನ್ನು ಶಾಲೆಗೆ ಒಯ್ಯುವ ಹಳದಿ ಬಸ್ಸಿಗೆ ಬಲ ಹೋಗುವುದು ಹಿಂದಿನ ಜೋಡಿ ಟೈರುಗಳಿಗೆ. ಹಿಂದಿನ ಚಕ್ರದ ಕಾರು ಹಿಮದಲ್ಲಿ ಓಡಿಸಲಾಗದು ಎನ್ನುವ ತಂದೆತಾಯಿ ಪ್ರತಿ ಬೆಳಗ್ಗೆ ತಮ್ಮ ಮಕ್ಕಳನ್ನು ಹಿಂದಿನ ಚಕ್ರದ ಗಾಡಿಗೇ ಹತ್ತಿಸಿ ನೆಮ್ಮದಿಯಿಂದ ಒಳಬರುತ್ತಾರೆ. ಆ ನೆಮ್ಮದಿ ಸರಿಯಾದದ್ದೇ. ಅದಕ್ಕೆ ಆಧಾರ ಚಾಲಕನ ತರಬೇತಿ, ನಿಧಾನ, ಒಳ್ಳೆಯ ಟೈರು.

ಈಗ ವಿರೋಧಿಗಳ ಬಲವಾದ ವಾದಕ್ಕೆ ಬರೋಣ. ‘ಹೊರಡುವುದರಲ್ಲಿ, ಏರು ಹತ್ತುವುದರಲ್ಲಿ ನಾಲ್ಕು ಚಕ್ರದ ಬಲಕ್ಕೆ ಸಾಟಿಯಿಲ್ಲ’ ಎನ್ನುತ್ತಾರೆ. ನಿಜ. ಲೆಕ್ಕ ಹಾಕಿಯೇ ನೋಡೋಣ. ಸವೆದ ಟೈರು, ತುಳಿದ ಹಿಮ, ಘರ್ಷಣಾಂಕ 0.2 ಇರಲಿ. ಕಾರಿನ ತೂಕದಲ್ಲಿ ಅರ್ಧ ಹಿಂದಿನ ಚಕ್ರಗಳ ಮೇಲಿದ್ದರೆ ಹಿಂದಿನ ಚಕ್ರದ ಕಾರು ನೂರು ಮೀಟರಿಗೆ ಹತ್ತು ಮೀಟರ್ ಏರುವ ದಾರಿಯನ್ನು ಹತ್ತಬಲ್ಲದು. ತೂಕದಲ್ಲಿ ನೂರಕ್ಕೆ ಅರವತ್ತು ಪಾಲು ಮುಂದಿರುವ ಮುಂದಿನ ಚಕ್ರದ ಕಾರು ಹನ್ನೆರಡು ಮೀಟರ್ ಏರಬಲ್ಲದು, ನಾಲ್ಕು ಚಕ್ರದ್ದು ಇಪ್ಪತ್ತು. ಏರಿನಲ್ಲಿ ಭಾರ ಹಿಂದಕ್ಕೆ ಸರಿಯುವುದರಿಂದ ಹಿಂದಿನದಕ್ಕೂ ಮುಂದಿನದಕ್ಕೂ ಇರುವ ಅಂತರ ಇನ್ನಷ್ಟು ಕಿರಿದಾಗುತ್ತದೆ. ಇನ್ನು ಟೈರು ಬದಲಿಸಿ ಘರ್ಷಣಾಂಕವನ್ನು 0.3ಕ್ಕೆ ಏರಿಸಿದರೆ ಹಿಂದಿನ ಚಕ್ರದ ಕಾರೂ ಹದಿನೈದು ಮೀಟರಿನ ಏರು ಹತ್ತುತ್ತದೆ. ಈ ಹದಿನೈದರ ಏರಿನ ತುದಿಗೆ ಇಬ್ಬರೂ ತಲುಪಿದರು ಎನ್ನೋಣ: ಸವೆದ ಟೈರಿನ ನಾಲ್ಕು ಚಕ್ರದ ಕಾರು ಸಲೀಸಾಗಿ, ಚಳಿಗಾಲದ ಟೈರಿನ ಹಿಂದಿನ ಚಕ್ರದ ಕಾರು ಹೆಣಗಿಕೊಂಡು. ಹತ್ತಿದವರು ಇಳಿಯಲೇಬೇಕಲ್ಲ. ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಇಳಿಯುವಾಗ ದಾರಿಗೆ ಅಡ್ಡ ಏನೋ ಬಂತು, ಇಬ್ಬರೂ ಬ್ರೇಕು ಒತ್ತಿದರು. ಇಳಿಜಾರಿನ ಸೆಳೆತ ಕಳೆದು ಮೊದಲನೆಯವನಿಗೆ ಉಳಿಯುವ ಹಿಡಿತ ಬರೀ 0.05, ಅವನು ನಿಲ್ಲುವುದು ಸುಮಾರು 70 ಮೀಟರ್ ಆಚೆ. ಎರಡನೆಯವನಿಗೆ ಉಳಿಯುವುದು 0.15, ಅವನು 24 ಮೀಟರಿನೊಳಗೆ ನಿಂತಿರುತ್ತಾನೆ. ಅಂಕಿಗಳು ರಸ್ತೆಯಿಂದ ರಸ್ತೆಗೆ ಬದಲಾಗಬಹುದು, ತೀರ್ಪು ಬದಲಾಗದು: ನಾಲ್ಕು ಚಕ್ರದ ಬಲ ಮನುಷ್ಯನನ್ನು ಅವನು ಇಳಿಯಲಾರದ ಎತ್ತರಕ್ಕೆ ಹತ್ತಿಸಬಲ್ಲದು.

ನನಗೆ ಎಲ್ಲಕ್ಕಿಂತ ಗಂಭೀರವಾಗಿ ಕಾಣುವ ಸಂಗತಿ ಇದೇ. ಹಿಂದಿನ ಚಕ್ರದ ಕಾರು ರಸ್ತೆಯ ಸುದ್ದಿಯನ್ನು ಬೇಗ ತಿಳಿಸುತ್ತದೆ. ಮನೆಯ ಮುಂದಿನ ಬೀದಿಯಲ್ಲಿ ಆಕ್ಸಿಲರೇಟರ್ ಸ್ವಲ್ಪ ಒತ್ತಿದಾಗಲೇ ಹಿಂದಿನ ಚಕ್ರ ಸರಕ್ಕನೆ ಜಾರುತ್ತದೆ, ಎದುರಿನ ಫಲಕದಲ್ಲಿ ಹಳದಿ ದೀಪ ಮಿಣುಕುತ್ತದೆ, ಸೀಟಿನಡಿಯಲ್ಲಿ ಒಂದು ಕಂಪನ ಹಾದುಹೋಗುತ್ತದೆ. ಆಗಿನ ವೇಗ ಗಂಟೆಗೆ ಐದು ಕಿಲೋಮೀಟರ್. ಜಾರಿದರೂ ನಷ್ಟವಿಲ್ಲ, ತಿಳಿವಳಿಕೆ ಮಾತ್ರ ಬಂತು: ಇವತ್ತು ನೆಲಕ್ಕೆ ಹಿಡಿತವಿಲ್ಲ, ನಿಧಾನ. ನಾಲ್ಕು ಚಕ್ರದ ಕಾರು ಅದೇ ಬೀದಿಯಲ್ಲಿ ಏನೂ ಆಗದಂತೆ ಹೊರಟುಬಿಡುತ್ತದೆ. ಬಲ ನಾಲ್ಕು ಕಡೆಗೆ ಹಂಚಿಹೋಗುವುದರಿಂದ ಯಾವ ಚಕ್ರವೂ ಜಾರುವ ಮಿತಿಗೆ ಬರುವುದಿಲ್ಲ. ಚಾಲಕನಿಗೆ ರಸ್ತೆ ಒಣಗಿರುವಂತೆಯೇ ಅನ್ನಿಸುತ್ತದೆ. ನೆಲ ಜಾರುತ್ತಿದೆ ಎಂಬ ಸುದ್ದಿ ಅವನಿಗೆ ಮೊದಲ ಬಾರಿ ಮುಟ್ಟುವುದು ಬ್ರೇಕು ಒತ್ತಿದಾಗ, ಅದೂ ವೇಗ ಎಪ್ಪತ್ತೋ ಎಂಬತ್ತೋ ಇದ್ದಾಗ. ತಿಳಿಯಬೇಕಾದ್ದು ತಿಳಿಯಬೇಕಾದ ಹೊತ್ತಿಗೆ ತಿಳಿಯದೆ ಹೋಗುವುದೇ ಹಿಮದ ಅಪಘಾತಗಳ ಮೂಲ. ಅದನ್ನು ಮರೆಮಾಚುವ ಗುಣವನ್ನು ಭದ್ರತೆ ಎಂದು ಕರೆಯುವುದು ದೊಡ್ಡ ತಪ್ಪು.

ಎರಡನೆಯ ಆಕ್ಷೇಪ ಹಿಂಬದಿ ಬೀಸುವುದರ ಬಗ್ಗೆ. ತಿರುವಿನಲ್ಲಿ ಅವಸರದಿಂದ ಬಲ ಕೊಟ್ಟರೆ ಹಿಂದಿನ ಚಕ್ರದ ಕಾರಿನ ಹಿಂಬದಿ ಹೊರಗೆ ಜಾರುತ್ತದೆ; ಹೊಸಬರು ಗಾಬರಿಯಾಗುತ್ತಾರೆ. ಮುಂದಿನ ಚಕ್ರದ ಕಾರು ಅಂಥ ಹೊತ್ತಿನಲ್ಲಿ ಸ್ಟಿಯರಿಂಗ್ ತಿರುಗಿಸಿದರೂ ತಿರುಗದೆ ನೆಟ್ಟಗೆ ಹೋಗುತ್ತದೆ. ಒಂದರಲ್ಲಿ ಹಿಂಬದಿ, ಇನ್ನೊಂದರಲ್ಲಿ ಮುಂಬದಿ. ಎರಡೂ ಹಿಡಿತ ತಪ್ಪಿದ ಲಕ್ಷಣಗಳೇ. ಮುಂದಿನ ಟೈರಿಗೆ ಎಳೆಯುವ ಕೆಲಸ, ತಿರುಗಿಸುವ ಕೆಲಸ ಎರಡನ್ನೂ ಹೊರಿಸಿದರೆ ಇರುವಷ್ಟು ಹಿಡಿತವನ್ನು ಅದು ಎರಡಕ್ಕೂ ಹಂಚಬೇಕಾಗುತ್ತದೆ. ಹಿಂದಿನ ಚಕ್ರದ ಕಾರಿನಲ್ಲಿ ಮುಂದಿನ ಟೈರಿಗೆ ತಿರುಗಿಸುವ ಕೆಲಸವೊಂದೇ. ಅದಕ್ಕಿಂತ ದೊಡ್ಡ ಉತ್ತರ 1995ರಿಂದಲೇ ಇದೆ. ಆ ವರ್ಷ ಬಾಷ್ ಮತ್ತು ಮರ್ಸಿಡಿಸ್ ಕಂಪನಿಗಳು ಸೇರಿ ತಂದ ಎಲೆಕ್ಟ್ರಾನಿಕ್ ಸ್ಥಿರತಾ ನಿಯಂತ್ರಣ, ಕಾರು ಸ್ಟಿಯರಿಂಗ್ ಹೇಳಿದ ದಿಕ್ಕು ಬಿಟ್ಟು ತಿರುಗತೊಡಗಿದ ಕ್ಷಣವೇ ಬೇಕಾದ ಒಂದು ಚಕ್ರಕ್ಕೆ ಮಾತ್ರ ಬ್ರೇಕು ಹಾಕಿ, ಎಂಜಿನ್ನಿನ ಬಲ ತಗ್ಗಿಸಿ, ಕಾರನ್ನು ಸರಿದಾರಿಗೆ ತರುತ್ತದೆ. ಒಂಟಿ ವಾಹನದ ಮಾರಣಾಂತಿಕ ಅಪಘಾತಗಳ ಸಂಭವವನ್ನು ಇದು ಸುಮಾರು ಅರ್ಧಕ್ಕೆ ಇಳಿಸುತ್ತದೆ ಎಂಬುದು ಅಮೆರಿಕದ ಹೆದ್ದಾರಿ ಸುರಕ್ಷತೆಯ ವಿಮಾ ಸಂಸ್ಥೆಯ ಅಧ್ಯಯನಗಳು ಕಂಡುಕೊಂಡದ್ದು. ಅಮೆರಿಕದಲ್ಲಿ 2012ರ ಮಾದರಿಯಿಂದ, ಯುರೋಪಿನಲ್ಲಿ 2014ರಿಂದ ಹೊಸ ಕಾರುಗಳಿಗೆಲ್ಲ ಇದು ಕಡ್ಡಾಯ. ಅಜ್ಜನ ಕಾಲದ ಕಾರಿನ ದೂರನ್ನು ಮೊಮ್ಮಗನ ಕಾಲದ ಕಾರಿನ ಮೇಲೆ ಹೊರಿಸುವುದು ನ್ಯಾಯವಲ್ಲ. ಆದರೆ ಈ ಯಂತ್ರವೂ ಇರುವ ಹಿಡಿತವನ್ನು ಜಾಣತನದಿಂದ ಬಳಸುತ್ತದೆಯೇ ಹೊರತು ಇಲ್ಲದ ಹಿಡಿತವನ್ನು ಹುಟ್ಟಿಸುವುದಿಲ್ಲ. ಮತ್ತೆ ಮಾತು ಟೈರಿಗೇ ಬಂತು.

ವಿದ್ಯುತ್ ಕಾರುಗಳು ಬಂದ ಮೇಲೆ ಈ ನಂಬಿಕೆಯ ಬುಡವೇ ಅಲುಗಾಡಿದೆ. ಮುಂಬದಿಯಲ್ಲಿ ಭಾರವಾದ ಎಂಜಿನ್ ಇಲ್ಲ, ಬ್ಯಾಟರಿ ನೆಲದುದ್ದಕ್ಕೂ ಹರಡಿದೆ, ಹಲವು ಮಾದರಿಗಳಲ್ಲಿ ಮೋಟಾರು ಹಿಂದಿನ ಚಕ್ರಗಳ ನಡುವೆಯೇ ಕೂತಿದೆ. ಹಿಂಬದಿ ಹಗುರ ಎಂಬ ಹಳೆಯ ದೂರಿಗೆ ಇಲ್ಲಿ ಆಧಾರವಿಲ್ಲ. ಚಕ್ರ ಜಾರುವ ಸೂಚನೆ ಸಿಕ್ಕಿದೊಡನೆ ಬಲ ತಗ್ಗಿಸುವುದರಲ್ಲಿ ಪೆಟ್ರೋಲ್ ಎಂಜಿನ್ ಈ ಮೋಟಾರಿನ ಚುರುಕಿಗೆ ಸಾಟಿಯಾಗದು. 1998ರ ಹೊತ್ತಿಗೆ ಹಿಂದಿನ ಚಕ್ರದ ಕಾರುಗಳನ್ನು ಪೂರ್ತಿ ಕೈಬಿಟ್ಟಿದ್ದ ವೋಲ್ವೊ, ಇಪ್ಪತ್ತೈದು ವರ್ಷದ ನಂತರ 2023ರಲ್ಲಿ ತನ್ನ ಒಂಟಿ ಮೋಟಾರಿನ ವಿದ್ಯುತ್ ಕಾರುಗಳನ್ನು ಮುಂದಿನ ಚಕ್ರದಿಂದ ಮತ್ತೆ ಹಿಂದಿನ ಚಕ್ರಕ್ಕೆ ಬದಲಿಸಿತು. ಹಿಮದ ದೇಶದಲ್ಲೇ ಹುಟ್ಟಿ, ಭದ್ರತೆಯ ಹೆಸರಿನಲ್ಲೇ ಬೆಳೆದ ಕಂಪನಿ ಅದು. ಒಂದು ಎಚ್ಚರ ಮಾತ್ರ ಇಲ್ಲಿ ಅಗತ್ಯ: ಆಕ್ಸಿಲರೇಟರ್‌ನಿಂದ ಕಾಲೆತ್ತಿದಾಗ ಮೋಟಾರೇ ಬ್ರೇಕಿನಂತೆ ಹಿಡಿಯುವ ಗುಣ ಈ ಕಾರುಗಳಲ್ಲಿದೆ. ಆ ಹಿಡಿತ ಬರೀ ಹಿಂದಿನ ಚಕ್ರಗಳ ಮೇಲೆ ಜೋರಾಗಿ ಬಿದ್ದರೆ ಮಂಜುಗಡ್ಡೆಯ ಮೇಲೆ ಹಿಂಬದಿ ಜಾರಬಹುದು. ಕಾರಿನಲ್ಲಿ ಅದನ್ನು ತಗ್ಗಿಸುವ ಅವಕಾಶವಿದ್ದರೆ ತಗ್ಗಿಸಬೇಕು, ಕಾಲನ್ನು ಮೆಲ್ಲಗೆ ಎತ್ತಬೇಕು.

‘ಕಾನೂನೇ ನಾಲ್ಕು ಚಕ್ರದ ಕಾರಿಗೆ ಮಣೆ ಹಾಕುತ್ತದಲ್ಲ’ ಎಂದು ಕೇಳುವವರಿದ್ದಾರೆ. ಕ್ಯಾಲಿಫೋರ್ನಿಯಾದ ಬೆಟ್ಟದ ದಾರಿಗಳಲ್ಲಿ ಹಿಮ ಹೆಚ್ಚಿದಾಗ ಟೈರಿಗೆ ಚೈನ್ ಹಾಕದ ವಾಹನಗಳನ್ನು ತಡೆದು, ನಾಲ್ಕು ಚಕ್ರದ ಬಲವಿರುವವುಗಳನ್ನು ಬಿಡುವ ಹಂತವೊಂದಿದೆ. ಆದರೆ ನಿಯಮವನ್ನು ಪೂರ್ತಿ ಓದಬೇಕು: ನಾಲ್ಕು ಚಕ್ರಕ್ಕೂ ಹಿಮದ ಟೈರು ಇದ್ದರೆ ಮಾತ್ರ ಆ ಸಡಿಲಿಕೆ, ಅಷ್ಟಾದರೂ ಚೈನ್ ಜೊತೆಯಲ್ಲಿರಬೇಕು. ಅದರ ಮುಂದಿನ ಹಂತದಲ್ಲಿ ಯಾರಿಗೂ ಸಡಿಲಿಕೆ ಇಲ್ಲ. ನಮ್ಮ ಹಿಮಾಚಲದಲ್ಲಿ ಮನಾಲಿಯಿಂದ ಅಟಲ್ ಸುರಂಗದ ಕಡೆಗೆ ಹಿಮ ಬಿದ್ದ ದಿನಗಳಲ್ಲಿ ಫೋರ್ ವೀಲ್ ಡ್ರೈವ್ ಅಥವಾ ಚೈನ್ ಹಾಕಿದ ವಾಹನಗಳನ್ನಷ್ಟೇ ಬಿಡುವ ಪದ್ಧತಿಯಿದೆ. 2020ರಲ್ಲಿ ಸುರಂಗ ತೆರೆದ ಮೇಲೆ ಡಿಸೆಂಬರಿನಲ್ಲಿ ಹಿಮ ನೋಡಲು ಕರ್ನಾಟಕದಿಂದಲೂ ಜನ ಅತ್ತ ಹೋಗುತ್ತಾರೆ, ಫೋರ್ ವೀಲ್ ಡ್ರೈವ್ ಜೀಪು ಬಾಡಿಗೆಗೆ ಹಿಡಿದು ನಿಶ್ಚಿಂತರಾಗುತ್ತಾರೆ. ಮಾಮೂಲು ಟೈರಿನ ಮೇಲೆ ಓಡುವ ಜೀಪು ಆ ದಾರಿಯ ಸೋಲಂಗ್‌ನಿಂದ ಮೇಲಕ್ಕೆ ಹತ್ತಿಬಿಡುತ್ತದೆ. ಸಂಜೆ ಕರಗಿದ ಹಿಮ ಮತ್ತೆ ಹೆಪ್ಪುಗಟ್ಟಿ ಗಾಜಿನಂತಾದ ಇಳಿಜಾರಿನಲ್ಲಿ ಅದಕ್ಕೆ ಉಳಿಯುವ ಆಸರೆ ಆ ಮಾಮೂಲು ಟೈರು ಮಾತ್ರ. ಅಲ್ಲಿ ಹೋಗುವವರು ಜೀಪಿನ ಗೇರಿನ ಬಗ್ಗೆ ವಿಚಾರಿಸುವ ಮೊದಲು ಚೈನ್ ಇದೆಯೇ, ಅದನ್ನು ಹಾಕಲು ಚಾಲಕನಿಗೆ ಬರುತ್ತದೆಯೇ ಎಂದು ಕೇಳಬೇಕು.

ಒಪ್ಪಬೇಕಾದ್ದನ್ನು ಒಪ್ಪದಿದ್ದರೆ ಖಂಡನೆಗೆ ಬೆಲೆಯಿಲ್ಲ. ಹಿಮ ತೆಗೆಯುವ ಗಾಡಿ ಬಾರದ ಹಳ್ಳಿ ದಾರಿ, ಮನೆಗೆ ಹೋಗಲು ಕಡಿದಾದ ಏರು, ರಾತ್ರಿ ಯಾವ ಹೊತ್ತಿಗಾದರೂ ಕರೆ ಬಂದರೆ ಹೊರಡಲೇಬೇಕಾದ ವೈದ್ಯರು, ದಾದಿಯರು: ಇಂಥವರಿಗೆ ಚಳಿಗಾಲದ ಟೈರಿನ ಜೊತೆಗೆ ನಾಲ್ಕು ಚಕ್ರದ ಬಲವೂ ಬೇಕು, ಅದಕ್ಕೆ ಕೊಟ್ಟ ಹಣ ಸಾರ್ಥಕ. ಅಗಲವಾದ ಬೇಸಿಗೆ ಟೈರಿನ, ಅತಿಬಲದ ಸ್ಪೋರ್ಟ್ಸ್ ಕಾರನ್ನು ಹಿಮಕ್ಕೆ ಇಳಿಸಬಾರದು ಎಂಬುದನ್ನೂ ಒಪ್ಪುತ್ತೇನೆ. ಉಳಿದವರಿಗೆ, ಅಂದರೆ ಹಿಮ ತೆಗೆದು ಉಪ್ಪು ಚೆಲ್ಲಿದ ಊರಬೀದಿಯಲ್ಲಿ ಓಡಾಡುವ ಬಹುಪಾಲು ಜನಕ್ಕೆ, ಮಾಡಬೇಕಾದ್ದು ಸರಳ. ನಾಲ್ಕು ಚಕ್ರಕ್ಕೂ ಚಳಿಗಾಲದ ಟೈರು ಹಾಕಿಸಬೇಕು. ಬಲ ಹೋಗುವ ಎರಡಕ್ಕೆ ಮಾತ್ರ ಹಾಕಿಸಿದರೆ ಒಂದು ತುದಿ ಹಿಡಿದು ಇನ್ನೊಂದು ತುದಿ ಜಾರುತ್ತದೆ. ಎರಡು ಸೆಟ್ ಟೈರು ದುಬಾರಿ ಎನ್ನುವವರು, ಒಂದು ಓಡುವಾಗ ಇನ್ನೊಂದು ಸವೆಯದೆ ಉಳಿಯುತ್ತದೆ ಎಂಬುದನ್ನು ಲೆಕ್ಕಕ್ಕೆ ಹಿಡಿಯಬೇಕು. ಹೊರಡುವಾಗ ಎರಡನೇ ಗೇರು, ಹಗುರ ಕಾಲು; ಡಿಕ್ಕಿಯಲ್ಲಿ ಹಿಂದಿನ ಚಕ್ರದ ನೇರಕ್ಕೆ ಒಂದೆರಡು ಮರಳಿನ ಚೀಲ. ಅದು ತೂಕವೂ ಹೌದು, ಚಕ್ರ ಸಿಕ್ಕಿಕೊಂಡರೆ ಅಡಿಗೆ ಚೆಲ್ಲಲು ಮರಳೂ ಹೌದು. ಹಿಂಬದಿ ಜಾರಿದರೆ ಬ್ರೇಕು ತುಳಿಯದೆ, ಹೋಗಬೇಕಾದ ಕಡೆಗೆ ನೋಡಿ ಅತ್ತಲೇ ಸ್ಟಿಯರಿಂಗ್ ತಿರುಗಿಸಬೇಕು. ಮೊದಲ ಹಿಮ ಬಿದ್ದ ದಿನ ಖಾಲಿ ಮೈದಾನದಲ್ಲಿ ಅರ್ಧ ಗಂಟೆ ಇದನ್ನು ಅಭ್ಯಾಸ ಮಾಡಿದರೆ ಕೈಗೆ ಬರುವ ಧೈರ್ಯವನ್ನು ಯಾವ ಅಂಗಡಿಯೂ ಮಾರುವುದಿಲ್ಲ.

ಆದ್ದರಿಂದ ಹೊಸಬರಿಗೆ ಹೇಳುವ ಬುದ್ಧಿಮಾತು ಬದಲಾಗಬೇಕು. ‘ಯಾವ ಚಕ್ರದ ಕಾರು ತಗೊಂಡಿರಿ?’ ಎಂಬ ಪ್ರಶ್ನೆಯಿಂದ ಮಾತು ಶುರುವಾದರೆ ಅದು ಕಾರಿನ ಬೆಲೆಯ ಕಡೆಗೆ ಹೊರಳುತ್ತದೆ. ನಾಲ್ಕು ಚಕ್ರದ ಕಾರು ಕೊಂಡವರು ಟೈರಿನ ಮಾತು ಬಂದಾಗ ಕೈ ಬಿಗಿಹಿಡಿಯುತ್ತಾರೆ, ಏಕೆಂದರೆ ಭದ್ರತೆಯನ್ನು ಆಗಲೇ ಕೊಂಡಾಗಿದೆ ಎಂಬ ನಂಬಿಕೆ ಅವರದು. ಹಿಂದಿನ ಚಕ್ರದ ಹಳೆಯ ಕಾರು ಇರುವವರು, ಟೈರಿಗೆ ಸಾಲುವ ಹಣ ಕೈಯಲ್ಲಿದ್ದರೂ, ಕಾರನ್ನೇ ಬದಲಿಸಬೇಕೆಂದು ಸಾಲ ಮಾಡುತ್ತಾರೆ. ಇಬ್ಬರನ್ನೂ ದಾರಿ ತಪ್ಪಿಸಿದ್ದು ಒಂದೇ ಮಾತು. ಚಳಿಗಾಲಕ್ಕೆ ಮೊದಲು ಕಾರಿನ ಪಕ್ಕ ಮಂಡಿಯೂರಿ ಟೈರಿನ ಮಗ್ಗುಲಲ್ಲಿ ಆ ಬೆಟ್ಟ, ಆ ಹರಳು ಇದೆಯೇ ನೋಡಿ. ತೋಡಿನೊಳಗೆ ಬೆರಳಿಟ್ಟು ಎಷ್ಟು ಸವೆದಿದೆ ನೋಡಿ. ಬಲ ಯಾವ ಚಕ್ರಕ್ಕೆ ಹೋದರೂ, ಮುಂದೆ ರಸ್ತೆ ದಾಟುತ್ತಿರುವ ಮಗುವಿಗೂ ನಿಮ್ಮ ಕಾರಿಗೂ ನಡುವೆ ಇರುವುದು ಆ ನಾಲ್ಕು ಅಂಗೈಯಗಲದ ರಬ್ಬರು.